ಹೆಡ್‌ಲೈಟ್ ಮಂಕಾಗಿದೆಯೇ? ಹೊಸ ಬಲ್ಬ್ ಕೊಳ್ಳುವ ಮುನ್ನ ನೋಡಬೇಕಾದ್ದು

ಹೆಡ್‌ಲೈಟಿನ ಬೆಳಕು ಒಂದೇ ರಾತ್ರಿಯಲ್ಲಿ ಕುಂದುವುದಿಲ್ಲ. ವರ್ಷಗಟ್ಟಲೆ ಚೂರುಚೂರೇ ಇಳಿಯುತ್ತ ಹೋಗುತ್ತದೆ, ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತ ಹೋಗುತ್ತದೆ. ಜೋರು ಮಳೆಯ ಒಂದು ರಾತ್ರಿ ರಸ್ತೆಯ ಅಂಚೇ ಕಾಣದಂತಾದಾಗ ಎಷ್ಟು ಕಳೆದುಕೊಂಡಿದ್ದೇವೆ ಎಂದು ಗೊತ್ತಾಗುತ್ತದೆ. ಆಗ ಹೆಚ್ಚಿನವರು ಜಾಸ್ತಿ ವ್ಯಾಟಿನ ಬಲ್ಬ್ ಹುಡುಕಲು ಹೊರಡುತ್ತಾರೆ. ಬಹಳಷ್ಟು ಸಲ ತಪ್ಪು ಬಲ್ಬಿನದ್ದಾಗಿರುವುದಿಲ್ಲ.

ಬ್ಯಾಟರಿಯಿಂದ ಹೊರಟ ಕರೆಂಟು ವೈರು, ಕಪ್ಲರ್‌ಗಳನ್ನು (ವೈರು ಜೋಡಿಸುವ ಪ್ಲಗ್) ದಾಟಿ ಬಲ್ಬಿಗೆ ಪೂರ್ತಿಯಾಗಿ ತಲುಪಬೇಕು. ಬಲ್ಬಿನ ಬೆಳಕು ಅದರ ಸುತ್ತಲಿನ ಹೊಳೆಯುವ ಬಟ್ಟಲಾದ ರಿಫ್ಲೆಕ್ಟರಿಗೆ ಬಡಿದು ಲೆನ್ಸಿನಿಂದ ಹೊರಬರಬೇಕು. ಹೊರಬಂದದ್ದು ಸರಿಯಾದ ಎತ್ತರದಲ್ಲಿ ರಸ್ತೆಗೆ ಬೀಳಬೇಕು. ಈ ದಾರಿಯಲ್ಲಿ ಎಲ್ಲಿ ತಡೆಯಾದರೂ ಚಾಲಕನಿಗೆ ಕಾಣುವುದು ಒಂದೇ: ಮಂಕು. ಆದ್ದರಿಂದ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿ, ಬಲ್ಬನ್ನು ಆಮೇಲೆ ನೋಡುವುದು ಲೇಸು.

ಕತ್ತಲಾದ ಮೇಲೆ ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ ಲೋ ಬೀಮ್ (ತಗ್ಗಿಸಿದ ಬೆಳಕು) ಹಾಕಿ. ಎರಡೂ ಕಡೆ ಒಂದೇ ಸಮ ಮಂಕಾಗಿದ್ದರೆ ಲೆನ್ಸ್ ಅಥವಾ ಚಾರ್ಜಿಂಗ್ ಕಡೆ ನೋಡಬೇಕು. ಒಂದೇ ಕಡೆ ಮಂಕಾಗಿ, ಬೆಳಕು ಕೆಂಪುಹಳದಿಗೆ ತಿರುಗಿದ್ದರೆ ಆ ಬದಿಯ ಕಪ್ಲರ್ ಅಥವಾ ಅರ್ಥಿಂಗ್ (ಕರೆಂಟು ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ಮರಳುವ ಜೋಡಣೆ) ಮೇಲೆ ಅನುಮಾನ ಪಡಿ. ಬೆಳಕಿನ ಮೇಲಂಚು ಗೆರೆ ಎಳೆದಂತೆ ಚೂಪಾಗಿರದೆ ಮಂಜು ಹರಡಿದಂತೆ ಕಂಡರೆ ಲೆನ್ಸ್ ಹಾಳಾಗಿದೆ, ಇಲ್ಲವೇ ಬಲ್ಬ್ ತನ್ನ ಗುಂಡಿಯಲ್ಲಿ ಸರಿಯಾಗಿ ಕೂತಿಲ್ಲ. ಅಂಚು ಚೂಪಾಗಿದ್ದೂ ರಸ್ತೆಯಲ್ಲಿ ಹತ್ತಿರದ್ದಷ್ಟೇ ಕಾಣುತ್ತಿದ್ದರೆ ಬೆಳಕು ತೀರಾ ಕೆಳಕ್ಕೆ ಬೀಳುತ್ತಿದೆ.

ಲೆನ್ಸ್ ಏಕೆ ಹಳದಿಯಾಗುತ್ತದೆ

ಈಗಿನ ಕಾರುಗಳ ಹೆಡ್‌ಲೈಟ್ ಮುಂಭಾಗ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಕಲ್ಲು ಬಡಿದರೂ ಗಾಜಿನಂತೆ ಒಡೆಯುವುದಿಲ್ಲ, ಹಗುರ, ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. ಆದರೆ ಮೈ ಮೆದು, ಬಿಸಿಲಿನ ನೇರಳಾತೀತ ಕಿರಣ ತಡೆಯುವ ಶಕ್ತಿ ಕಡಿಮೆ. ಅದಕ್ಕೇ ಕಾರ್ಖಾನೆಯಲ್ಲಿ ಅದರ ಮೇಲೆ ತೆಳ್ಳನೆಯ ಗಟ್ಟಿ ರಕ್ಷಣಾ ಪದರ ಕೂರಿಸಿರುತ್ತಾರೆ. ವರ್ಷಗಳ ಬಿಸಿಲಿಗೆ ಆ ಪದರ ಸವೆದು ಬಿರುಕುಬಿಟ್ಟಾಗ ಕೆಳಗಿನ ಪ್ಲಾಸ್ಟಿಕ್ ಹಳದಿಗೆ ತಿರುಗುತ್ತದೆ. ಲೆನ್ಸಿನ ಮೇಲ್ಭಾಗವೇ ಮೊದಲು ಹಾಳಾಗುವುದು ಏಕೆಂದರೆ ಬಿಸಿಲು ಹೆಚ್ಚು ಬೀಳುವುದು ಅಲ್ಲಿಗೇ.

ಹಳೆಯ ಕಾರಾದರೆ ನಿಜವಾದ ಗಾಜೇ ಇರಬಹುದು. ಅನುಮಾನವಿದ್ದರೆ ಲೆನ್ಸಿನ ಮೇಲೆ ಅಚ್ಚಾದ ಅಕ್ಷರಗಳನ್ನು ನೋಡಿ: ಯುರೋಪಿನ ನಿಯಮದಂತೆ ತಯಾರಾದ ದೀಪಗಳಲ್ಲಿ ಪಿಎಲ್ ಎಂದಿದ್ದರೆ ಅದು ಪ್ಲಾಸ್ಟಿಕ್ ಲೆನ್ಸ್. ಅದೇ ಸಾಲಿನಲ್ಲಿ ಎಚ್ ಎಂದರೆ ಹ್ಯಾಲೊಜನ್, ಸಿ ಎಂದರೆ ಲೋ ಬೀಮ್, ಆರ್ ಎಂದರೆ ಹೈ ಬೀಮ್. ಮೂರೂ ಒಟ್ಟಿಗೆ ಎಚ್‌ಸಿಆರ್ ಎಂದಿದ್ದರೆ ಒಂದೇ ದೀಪ ಎರಡೂ ಕೆಲಸ ಮಾಡುತ್ತದೆ. ಮುಂದೆ ಹೇಳುವ ಉಜ್ಜುವ ಕೆಲಸ ಪ್ಲಾಸ್ಟಿಕ್ಕಿಗೆ ಮಾತ್ರ; ಗಾಜನ್ನು ಹಾಗೆ ಉಜ್ಜಿದರೆ ಅದು ಮತ್ತೆ ಹೊಳಪಿಗೆ ಬರುವುದಿಲ್ಲ.

ಪದರ ಬೇಗ ಹಾಳಾಗಲು ನಮ್ಮ ಕೈಯೂ ಕಾರಣ. ಧೂಳಿರುವ ಲೆನ್ಸನ್ನು ಒಣಬಟ್ಟೆಯಲ್ಲಿ ಒರೆಸಿದರೆ ಧೂಳಿನ ಕಣಗಳೇ ಉಪ್ಪುಕಾಗದದ ಕೆಲಸ ಮಾಡುತ್ತವೆ. ಮೊದಲು ನೀರು ಹೊಯ್ದು ಮಣ್ಣು ಇಳಿಸಿ, ಕಾರ್ ಶಾಂಪೂ ಹಾಕಿದ ಮೆತ್ತನೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಒಣಗಿ ಅಂಟಿದ ಹುಳುಗಳಿದ್ದರೆ ಒದ್ದೆಬಟ್ಟೆಯನ್ನು ಐದು ನಿಮಿಷ ಮೇಲೆ ಹೊದಿಸಿಟ್ಟರೆ ತಾವಾಗಿ ಸಡಿಲಾಗುತ್ತವೆ. ಪೆಟ್ರೋಲ್, ಥಿನ್ನರ್, ಅಸಿಟೋನ್ ಮುಟ್ಟಿಸಲೇಬೇಡಿ. ಪಾಲಿಕಾರ್ಬೊನೇಟ್ ಒಳಗೊಳಗೇ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಅದಕ್ಕೆ ರಿಪೇರಿ ಇಲ್ಲ. ಸೊಳ್ಳೆ ಓಡಿಸುವ ಸ್ಪ್ರೇ ಹೊಡೆದು ಒರೆಸಿದರೆ ಲೆನ್ಸ್ ಹೊಸದಾಗುತ್ತದೆ ಎಂಬ ಸಲಹೆ ಎಲ್ಲೆಡೆ ಓಡಾಡುತ್ತದೆ. ಅದರಲ್ಲಿನ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಕರಗಿಸುವುದರಿಂದ ಆ ಕ್ಷಣಕ್ಕೆ ಫಳಫಳ ಕಾಣುತ್ತದೆ, ಅಷ್ಟೇ. ಆಮೇಲೆ ಮೊದಲಿಗಿಂತ ಕೆಡುತ್ತದೆ. ಟೂತ್‌ಪೇಸ್ಟ್ ಅಷ್ಟು ಅಪಾಯದ್ದಲ್ಲ. ನವಿರಾಗಿ ಉಜ್ಜುವ ಪುಡಿ ಅದರಲ್ಲಿದೆ, ತೆಳು ಮಂಕು ಹೋಗುತ್ತದೆ. ಆದರೆ ರಕ್ಷಣೆ ಏನೂ ಕೊಡದ ಕಾರಣ ಹಳದಿ ಬಹುಬೇಗ ಮರಳುತ್ತದೆ.

ಲೆನ್ಸ್ ಉಜ್ಜುವ ಕ್ರಮ

ಮೊದಲು ಲೆನ್ಸಿನ ಮೇಲೆ ನೀರು ಹಾಕಿ ನೋಡಿ. ಒದ್ದೆಯಾದೊಡನೆ ಲೆನ್ಸ್ ತಿಳಿಯಾಗಿ ಕಂಡರೆ ಮಂಕು ಹೊರಮೈಯಲ್ಲಿದೆ, ಉಜ್ಜಿದರೆ ಹೋಗುತ್ತದೆ. ಒದ್ದೆಯಾದರೂ ಮಂಕಾಗಿಯೇ ಉಳಿದರೆ ಅದು ಒಳಮೈಯಲ್ಲೋ ಪ್ಲಾಸ್ಟಿಕ್ಕಿನ ಆಳದಲ್ಲೋ ಇದೆ. ಆಗ ಎಷ್ಟು ಉಜ್ಜಿದರೂ ವ್ಯರ್ಥ, ದೀಪವನ್ನೇ ಬದಲಿಸಬೇಕು. ಈ ಒಂದು ನಿಮಿಷದ ಪರೀಕ್ಷೆ ಅರ್ಧ ದಿನದ ಶ್ರಮ ಉಳಿಸಬಲ್ಲದು.

ಬೇಕಾದ್ದು: 800, 1000, 1500, 2000, 3000 ಗ್ರಿಟ್‌ನ (ಅಂಕಿ ಹೆಚ್ಚಿದಷ್ಟೂ ನವಿರು) ವಾಟರ್ ಪೇಪರ್ ಎಂಬ ನೀರಿನಲ್ಲಿ ನೆನೆಸಿ ಬಳಸುವ ಉಪ್ಪುಕಾಗದ, ಮಾಸ್ಕಿಂಗ್ ಟೇಪ್, ಸ್ಪ್ರೇ ಬಾಟಲಿಯಲ್ಲಿ ನೀರು, ಕಾರ್ ಶಾಂಪೂ, ಐಸೊಪ್ರೊಪೈಲ್ ಆಲ್ಕೊಹಾಲ್, ಸ್ವಚ್ಛ ಬಟ್ಟೆಗಳು, ಮತ್ತು ಪಾಲಿಕಾರ್ಬೊನೇಟ್ ಹೆಡ್‌ಲೈಟಿಗೆಂದೇ ತಯಾರಾದ, ನೇರಳಾತೀತ ಕಿರಣ ತಡೆಯುವ ಯುವಿ ಕೋಟಿಂಗ್. ಕೊನೆಯದ್ದು ಕೈಗೆ ಸಿಗುವವರೆಗೆ ಕೆಲಸ ಶುರು ಮಾಡಬೇಡಿ. ಉಜ್ಜಿದ ಲೆನ್ಸಿಗೆ ಕಾರ್ಖಾನೆಯ ಪದರ ಇರುವುದಿಲ್ಲ; ಹೊಸ ಪದರ ಕೊಡದೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಮೊದಲಿಗಿಂತ ಕೆಟ್ಟದಾಗಿ ಹಳದಿಯಾಗುತ್ತದೆ.

ನೆರಳಿನಲ್ಲಿ, ಲೆನ್ಸ್ ಪೂರ್ತಿ ತಣ್ಣಗಿರುವಾಗ ಮಾಡಿ. ಶಾಂಪೂವಿನಿಂದ ತೊಳೆದು ಒರೆಸಿದ ಮೇಲೆ ಸುತ್ತಲಿನ ಬಾನೆಟ್, ಬಂಪರ್, ಫೆಂಡರ್‌ನ ಅಂಚಿಗೆ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ. ಕೈ ಒಮ್ಮೆ ಜಾರಿದರೆ ಒಂದು ಪದರ ಹರಿದುಹೋಗುತ್ತದೆ, ಪೇಂಟ್ ಗೀಚುತ್ತದೆ. ವಾಟರ್ ಪೇಪರನ್ನು ಎರಡು ಹನಿ ಶಾಂಪೂ ಹಾಕಿದ ನೀರಿನಲ್ಲಿ ಹತ್ತು ನಿಮಿಷ ನೆನೆಸಿಡಿ.

ಪದರ ಸಿಪ್ಪೆಯೇಳುತ್ತಿದ್ದರೆ 800ರಿಂದ ಶುರು ಮಾಡಿ, ಸ್ವಲ್ಪ ಹಳದಿಯಾಗಿದ್ದರೆ 1000 ಸಾಕು, ಬರೀ ಮಸುಕಾಗಿದ್ದರೆ 1500. ಬೆರಳ ತುದಿಯಿಂದ ಒತ್ತಬಾರದು, ಗೆರೆ ಬೀಳುತ್ತದೆ. ಸಣ್ಣ ಸ್ಪಂಜಿನ ತುಂಡಿಗೆ ಪೇಪರ್ ಸುತ್ತಿಕೊಳ್ಳಿ. ಮೊದಲ ಪೇಪರಿನಲ್ಲಿ ಅಡ್ಡಡ್ಡ ಮಾತ್ರ ಉಜ್ಜಿ, ಆಗಾಗ ನೀರು ಚಿಮುಕಿಸುತ್ತಿರಿ. ಹರಿಯುವ ಕೊಳೆ ಮೊದಲು ಹಳದಿಯಾಗಿರುತ್ತದೆ. ಅದು ಬೆಳ್ಳಗಾದಾಗ ಹಳೆಯ ಪದರ ಹೋಗಿದೆ ಎಂದರ್ಥ. ಒರೆಸಿ ಒಣಗಿಸಿ ನೋಡಿ: ಇಡೀ ಲೆನ್ಸ್ ಹಾಲು ಹೊಯ್ದಂತೆ ಒಂದೇ ಸಮ ಮಂಕಾಗಿರಬೇಕು. ಎಲ್ಲಾದರೂ ಹೊಳೆಯುವ ದ್ವೀಪ ಉಳಿದಿದ್ದರೆ ಅಲ್ಲಿ ಹಳೆಯ ಪದರ ಇನ್ನೂ ಇದೆ; ಅದು ಹೋಗುವವರೆಗೆ ಮುಂದಿನ ಪೇಪರಿಗೆ ಕೈ ಹಾಕಬೇಡಿ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಲೆನ್ಸ್ ಇಷ್ಟು ಮಂಕಾಯಿತಲ್ಲ ಎಂಬ ಗಾಬರಿಗೆ ಜನ ಅವಸರದಲ್ಲಿ ನವಿರು ಪೇಪರ್ ಹಿಡಿಯುತ್ತಾರೆ, ಕೊನೆಗೆ ಕಲೆ ಕಲೆಯಾಗಿ ಉಳಿಯುತ್ತದೆ.

ಮುಂದಿನ ಪೇಪರಿನಲ್ಲಿ ಮೇಲೆ ಕೆಳಗೆ ಉಜ್ಜಿ, ಅದರ ಮುಂದಿನದರಲ್ಲಿ ಮತ್ತೆ ಅಡ್ಡ. ಹೀಗೆ ದಿಕ್ಕು ಬದಲಿಸಿದರೆ ಹಿಂದಿನ ಪೇಪರಿನ ಗೀರು ಉಳಿದಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಪೇಪರ್ ಬದಲಿಸಿದಾಗಲೆಲ್ಲ ಲೆನ್ಸ್ ತೊಳೆಯಿರಿ, ನೀರೂ ಹೊಸದಿರಲಿ. ದೊರಗು ಪೇಪರಿನ ಒಂದೇ ಒಂದು ಕಣ ಉಳಿದರೂ ಹೊಸ ಗೀರು ಎಳೆಯುತ್ತದೆ. ಒಂದೊಂದು ಪೇಪರಿಗೆ ಸುಮಾರು ಐದು ನಿಮಿಷ ಬೇಕು.

ಎಲ್ಲಿಗೆ ನಿಲ್ಲಿಸಬೇಕು ಎನ್ನುವುದು ಕೋಟಿಂಗಿನ ಮೇಲೆ ಹೋಗುತ್ತದೆ. ಡಬ್ಬಿಯ ಮೇಲೆ ಬರೆದಿರುವ ಗ್ರಿಟ್‌ಗೇ ನಿಲ್ಲಿಸಿ. ಸ್ಪ್ರೇ ಕ್ಲಿಯರ್‌ಕೋಟ್ ಆದರೆ ಕನ್ನಡಿಯಂತೆ ಪಾಲಿಶ್ ಮಾಡಿದ ಮೈಗೆ ಹಿಡಿಯುವುದಿಲ್ಲ. ನವಿರು ಗೀರುಗಳೇ ಅದಕ್ಕೆ ಹಿಡಿತ, ಆ ಗೀರುಗಳನ್ನು ಅದೇ ತುಂಬಿ ತಿಳಿಯಾಗಿಸುತ್ತದೆ. ಬಟ್ಟೆಯಲ್ಲಿ ಸವರುವ ಸೀಲೆಂಟ್ ಮಾತ್ರ ಹಚ್ಚುವುದಾದರೆ 3000ದವರೆಗೆ ಹೋಗಿ, ಫೋಮ್ ಪ್ಯಾಡಿನಲ್ಲಿ ಪ್ಲಾಸ್ಟಿಕ್ ಪಾಲಿಶ್ ಹಾಕಿ ಹೊಳಪು ತನ್ನಿ. ಯಂತ್ರ ಬಳಸಿದರೆ ನಿಧಾನ ವೇಗದಲ್ಲಿಡಿ, ಒಂದೇ ಕಡೆ ನಿಲ್ಲಿಸಬೇಡಿ. ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಸುಟ್ಟ ಗುರುತು ಬೀಳುತ್ತದೆ.

ಕೋಟಿಂಗಿಗೆ ಮುಂಚೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಆರಲು ಬಿಡಿ, ಆಮೇಲೆ ಬೆರಳು ತಾಗಿಸಬೇಡಿ. ಒದ್ದೆಯಾಗಿದ್ದ ಟೇಪ್ ಕಿತ್ತು ಹೊಸದು ಹಾಕಿ, ಸ್ಪ್ರೇ ಆದರೆ ಸುತ್ತ ಅಗಲವಾಗಿ ಕಾಗದ ಹೊದಿಸಿ. 20ರಿಂದ 25 ಸೆಂಟಿಮೀಟರ್ ದೂರದಿಂದ ತೆಳ್ಳಗೆ ಎರಡು ಅಥವಾ ಮೂರು ಸಲ ಹೊಡೆಯಿರಿ, ನಡುವೆ ಸುಮಾರು ಹತ್ತು ನಿಮಿಷ ಬಿಡಿ. ಒಂದೇ ಸಲಕ್ಕೆ ದಪ್ಪಗೆ ಹೊಡೆದರೆ ಇಳಿದು ಸಾಲುಗಟ್ಟುತ್ತದೆ. ಎರಡು ಭಾಗ ಬೆರೆಸುವ ಕೋಟಿಂಗ್ ಹೆಚ್ಚು ಕಾಲ ಬಾಳುತ್ತದೆ. ಆದರೆ ಅದರಲ್ಲಿ ಶ್ವಾಸಕೋಶಕ್ಕೆ ಕೆಟ್ಟದಾದ ಐಸೊಸಯನೇಟ್ ಇರುತ್ತದೆ. ಬಯಲಿನಲ್ಲೇ ಕೆಲಸ ಮಾಡಿ, ಬಟ್ಟೆಯ ಮಾಸ್ಕ್ ಸಾಲದು, ಪೇಂಟ್ ಹೊಡೆಯುವವರ ಫಿಲ್ಟರ್ ಮಾಸ್ಕ್ ಬೇಕೇ ಬೇಕು. ಒಂದು ದಿನ ನೀರು ಸೋಕಿಸಬೇಡಿ.

ಬಲ್ಬ್ ಬದಲಿಸುವಾಗ

ಹ್ಯಾಲೊಜನ್ ಬಲ್ಬಿನಲ್ಲಿ ಉರಿಯುವ ಟಂಗ್‌ಸ್ಟನ್ ತಂತಿ ನಿಧಾನವಾಗಿ ಆವಿಯಾಗುತ್ತಿರುತ್ತದೆ. ಒಳಗಿನ ಹ್ಯಾಲೊಜನ್ ಅನಿಲ ಆ ಆವಿಯನ್ನು ಹಿಡಿದು ಮತ್ತೆ ತಂತಿಗೇ ಮರಳಿಸುತ್ತದೆ. ಈ ಸುತ್ತು ನಡೆಯಲು ಗಾಜು 250 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿರಬೇಕು. ಆ ಬಿಸಿಯಲ್ಲಿ ಬೆರಳಿನ ಜಿಡ್ಡು ಗಾಜಿನ ಮೇಲಿದ್ದರೆ ಅಷ್ಟೇ ಜಾಗ ಕೆಟ್ಟು, ಉಬ್ಬಿ, ಕೊನೆಗೆ ಒಡೆಯುತ್ತದೆ. ಬಲ್ಬನ್ನು ಲೋಹದ ಬುಡ ಹಿಡಿದೇ ಎತ್ತಬೇಕು ಎನ್ನುವುದು ಇದಕ್ಕೇ. ತಪ್ಪಿ ಮುಟ್ಟಿದರೆ ಆಲ್ಕೊಹಾಲಿನಿಂದ ಒರೆಸಿ, ಆರಿದ ಮೇಲೆ ಹಾಕಿ.

ಲೈಟ್ ಆರಿಸಿ, ಕೀ ತೆಗೆದು, ಹತ್ತು ನಿಮಿಷ ಬಿಡಿ. ಕಪ್ಲರನ್ನು ವೈರು ಹಿಡಿದು ಎಳೆಯದೆ ಅದರ ಮೈ ಹಿಡಿದೇ ಕಳಚಿ, ರಬ್ಬರ್ ಮುಚ್ಚಳ ತೆಗೆದು, ಸ್ಪ್ರಿಂಗ್ ಕ್ಲಿಪ್ ಒತ್ತಿ ಬಿಡಿಸಿ. ಎಚ್11ರಂಥ ನಮೂನೆಯ ಬಲ್ಬುಗಳಿಗೆ ಕ್ಲಿಪ್ ಇರುವುದಿಲ್ಲ, ಕಾಲು ಸುತ್ತು ತಿರುಗಿಸಿದರೆ ಬರುತ್ತವೆ. ಹೊಸದನ್ನು ಹಾಕುವಾಗ ಬುಡದ ಕಿವಿಗಳು ತಮ್ಮ ತೋಡುಗಳಲ್ಲೇ ಕೂತು ಬಲ್ಬ್ ಅಲುಗಾಡದಂತಿರಬೇಕು. ಒಂದು ಮಿಲಿಮೀಟರ್ ವಾಲಿದರೂ ತಂತಿ ತನ್ನ ಜಾಗ ತಪ್ಪಿ, ಗೋಡೆಯ ಮೇಲಿನ ಗೆರೆ ಚದುರಿಹೋಗುತ್ತದೆ. ಬಲ್ಬ್ ತೆಗೆದ ತೂತಿನಿಂದ ರಿಫ್ಲೆಕ್ಟರ್ ಒರೆಸುವ ಆಸೆ ಬೇಡ. ಅದರ ಹೊಳಪು ಉಸಿರು ತಾಗಿದಷ್ಟು ತೆಳುವಾದ ಅಲ್ಯೂಮಿನಿಯಂ ಲೇಪ. ಬಟ್ಟೆ ತಾಗಿದರೆ ಬಟ್ಟೆಯ ಜೊತೆಗೇ ಬಂದುಬಿಡುತ್ತದೆ.

ತೆಗೆದ ಬಲ್ಬನ್ನು ಎಸೆಯುವ ಮುನ್ನ ಒಮ್ಮೆ ನೋಡಿ. ಒಳಗೆ ಕಪ್ಪು ಇಲ್ಲವೇ ಬೆಳ್ಳಿಬಣ್ಣ ಹಿಡಿದಿದ್ದರೆ ಅದರ ಆಯಸ್ಸು ಮುಗಿದಿತ್ತು. ಬಿಳಿ ಹೊಗೆ ತುಂಬಿದಂತಿದ್ದರೆ ಗಾಜು ಬಿರುಕುಬಿಟ್ಟು ಗಾಳಿ ನುಗ್ಗಿದೆ. ಒಂದು ಕಡೆ ಉಬ್ಬಿದ್ದರೆ ಬೆರಳಿನ ಜಿಡ್ಡು. ಗಾಜು ತಿಳಿಯಾಗಿದ್ದು ತಂತಿ ಮಾತ್ರ ಬೇಗ ಬೇಗ ತುಂಡಾಗುತ್ತಿದ್ದರೆ ಅದುರುವಿಕೆ ಅಥವಾ ಹೆಚ್ಚಿನ ವೋಲ್ಟೇಜ್. ವೋಲ್ಟೇಜ್ 5 ಶೇಕಡಾ ಹೆಚ್ಚಾದರೆ ಬಲ್ಬಿನ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎರಡೂ ಬದಿಯ ಬಲ್ಬನ್ನು ಒಟ್ಟಿಗೇ ಬದಲಿಸಿ. ಒಂದೇ ದಿನ ಹಾಕಿದವು ಸಾಮಾನ್ಯವಾಗಿ ಹಿಂದೆಮುಂದೆ ಹೋಗುತ್ತವೆ.

ವ್ಯಾಟ್ ಏರಿಸುವ ವಿಷಯ. ಎಚ್4 ಬಲ್ಬ್ 60/55 ವ್ಯಾಟಿನದು (ಹೈ ಬೀಮಿಗೆ 60, ಲೋ ಬೀಮಿಗೆ 55), ಎಚ್7 55 ವ್ಯಾಟಿನದು. 12 ವೋಲ್ಟಿನಲ್ಲಿ 55 ವ್ಯಾಟ್ ಎಳೆಯುವುದು ಸುಮಾರು 4.6 ಆಂಪಿಯರ್, 100 ವ್ಯಾಟ್ ಎಳೆಯುವುದು 8.3. ಆ ವೈರು, ಸ್ವಿಚ್ಚು, ಕಪ್ಲರ್ ಇದಕ್ಕೆಂದು ಮಾಡಿದವಲ್ಲ. ಕಪ್ಲರ್ ಕರಗುತ್ತದೆ, ರಿಫ್ಲೆಕ್ಟರ್ ಕಂದುತ್ತದೆ. ಹ್ಯಾಲೊಜನ್ ದೀಪದೊಳಗೆ ಎಲ್‌ಇಡಿ ಬಲ್ಬ್ ತೂರಿಸುವುದೂ ಇಂಥದ್ದೇ. ರಿಫ್ಲೆಕ್ಟರಿನ ಪ್ರತಿ ಬಾಗೂ ತಂತಿಯ ಜಾಗ ಮತ್ತು ಅಳತೆ ನೋಡಿ ಮಾಡಿದ್ದು. ಎಲ್‌ಇಡಿ ಚಿಪ್ಪಿನ ಬೆಳಕು ಅಲ್ಲಿಂದಲೇ ಹೊರಡುವುದಿಲ್ಲ. ಕಾರಿನ ಮುಂದೆ ಬೆಳ್ಳಗೆ ಹೊಳೆಯುತ್ತದೆ, ದೂರ ಕತ್ತಲೆ, ಎದುರಿನವರ ಕಣ್ಣಿಗೆ ಚುಚ್ಚು.

ತಂತಿಯಿಲ್ಲದೆ ಅನಿಲದಲ್ಲಿ ವಿದ್ಯುತ್ ಹಾಯಿಸಿ ಉರಿಯುವ ಕ್ಸೆನಾನ್ ದೀಪವಾದರೆ ಕೈ ಹಾಕಬೇಡಿ. ಹೊತ್ತಿಕೊಳ್ಳುವ ಕ್ಷಣದಲ್ಲಿ ಅದಕ್ಕೆ 20,000 ವೋಲ್ಟಿನ ಮೇಲೆ ಹರಿಯುತ್ತದೆ.

ಕರೆಂಟು ಎಲ್ಲಿ ಕಳೆದುಹೋಗುತ್ತಿದೆ

ಅದೇ ಎಚ್7 ಬಲ್ಬ್ 13.2 ವೋಲ್ಟಿನಲ್ಲಿ 1500 ಲ್ಯೂಮೆನ್ (ಬೆಳಕಿನ ಅಳತೆ) ಕೊಟ್ಟರೆ 12 ವೋಲ್ಟಿನಲ್ಲಿ ಕೊಡುವುದು ಸುಮಾರು 1100. ಒಂದು ವೋಲ್ಟು ಚಿಲ್ಲರೆ ಕಡಿಮೆಯಾದದ್ದಕ್ಕೆ ಕಾಲು ಭಾಗಕ್ಕೂ ಹೆಚ್ಚು ಬೆಳಕು ಹೋಯಿತು. ತುಕ್ಕು ಹಿಡಿದ ಒಂದು ಅರ್ಥಿಂಗ್ ಬೋಲ್ಟ್ ಇಷ್ಟನ್ನು ಸುಲಭವಾಗಿ ನುಂಗಬಲ್ಲದು.

ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಎಂಜಿನ್ ಚಾಲೂ ಮಾಡಿ ಲೋ ಬೀಮ್ ಹಾಕಿ. ಕಪ್ಲರ್ ಬಲ್ಬಿನಲ್ಲೇ ಇರಲಿ, ಬಲ್ಬ್ ಉರಿಯುತ್ತಿರಲಿ; ಕಳಚಿ ಅಳೆದರೆ ಹಾಳಾದ ವೈರೂ ಪೂರ್ತಿ ವೋಲ್ಟೇಜ್ ತೋರಿಸಿ ಮೋಸ ಮಾಡುತ್ತದೆ. ಮೊದಲು ಬ್ಯಾಟರಿಯ ಎರಡು ತುದಿ ಅಳೆಯಿರಿ, ಸಾಮಾನ್ಯವಾಗಿ 13.5ರಿಂದ 14.5 ಇರುತ್ತದೆ. ಆಮೇಲೆ ಮೀಟರಿನ ವೈರುಗಳ ತುದಿಯ ಒಂದು ಮುಳ್ಳನ್ನು ಬ್ಯಾಟರಿಯ ಪಾಸಿಟಿವ್‌ಗೂ ಇನ್ನೊಂದನ್ನು ಕಪ್ಲರಿನ ಹಿಂಬದಿಯಿಂದ ಬಲ್ಬಿನ ಪಾಸಿಟಿವ್‌ಗೂ ಇಡಿ. ಅಲ್ಲಿ ಕಾಣುವುದು ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಅರ್ಧ ವೋಲ್ಟ್ ದಾಟಿದರೆ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್ಚು), ಫ್ಯೂಸ್, ಕಪ್ಲರ್‌ಗಳನ್ನು ಒಂದೊಂದಾಗಿ ನೋಡಿ. ಬಲ್ಬಿನ ನೆಗೆಟಿವ್‌ನಿಂದ ಬ್ಯಾಟರಿ ನೆಗೆಟಿವ್‌ಗೆ 0.2 ವೋಲ್ಟ್ ದಾಟಿದರೆ ಅರ್ಥಿಂಗ್ ಬೋಲ್ಟ್ ಬಿಚ್ಚಿ, ಕೆಳಗಿನ ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿಯಿರಿ. ಕೆಲವು ಹೊಸ ಕಾರುಗಳು ಹೆಡ್‌ಲೈಟಿಗೆ ಕರೆಂಟನ್ನು ಕಂಪ್ಯೂಟರಿನಿಂದ ತುಂಡು ತುಂಡಾಗಿ ಕೊಡುತ್ತವೆ. ಅಲ್ಲಿ ಮೀಟರ್ ತೋರುವ ಅಂಕಿಯನ್ನು ನಂಬಬೇಡಿ. ಕಪ್ಲರ್ ಕಂದಿ ಕರಗಿದ್ದರೆ ಒರೆಸಿ ಪ್ರಯೋಜನವಿಲ್ಲ, ಸಿರಾಮಿಕ್‌ನದ್ದು ಹಾಕಿಸಿ.

ಒಳಗೆ ನೀರು

ಚಳಿಯ ಬೆಳಗ್ಗೆ ಲೆನ್ಸಿನೊಳಗೆ ತೆಳುವಾಗಿ ಇಬ್ಬನಿ ಕಟ್ಟಿ, ಲೈಟ್ ಹಾಕಿದ ಮೇಲೆ ಆರಿಹೋದರೆ ಚಿಂತೆಯಿಲ್ಲ. ಹೆಡ್‌ಲೈಟ್‌ಗೆ ಉಸಿರಾಡಲು ಸಣ್ಣ ಕಿಂಡಿಗಳಿರುತ್ತವೆ, ಅಷ್ಟು ತೇವ ಸಹಜ. ಹನಿಗಳು ಹರಿದರೆ, ತಳದಲ್ಲಿ ನೀರು ನಿಂತರೆ ಮಾತ್ರ ತೂತು ಹುಡುಕಬೇಕು. ಮೊದಲ ಅನುಮಾನ ಹಿಂದಿನ ರಬ್ಬರ್ ಮುಚ್ಚಳದ ಮೇಲೆ: ಬಲ್ಬ್ ಬದಲಿಸಿದವರು ಅದನ್ನು ಅರ್ಧ ಕೂರಿಸಿ ಬಿಟ್ಟಿರುತ್ತಾರೆ. ಆಮೇಲೆ ಕಿಂಡಿಗೆ ಮಣ್ಣು ಕಟ್ಟಿದೆಯೇ, ಲೆನ್ಸಿನ ಅಂಚಿನ ಅಂಟು ಬಿಟ್ಟಿದೆಯೇ ನೋಡಿ. ಮುಚ್ಚಳ ತೆಗೆದು ಬಿಸಿಲಿಗಿಟ್ಟು ಒಣಗಿಸಿ. ನೀರು ಹೋಗಲೆಂದು ತಳಕ್ಕೆ ತೂತು ಕೊರೆದರೆ ಮುಂದಿನ ಮಳೆಗೆ ಅಲ್ಲಿಂದಲೇ ನೀರು ಬರುತ್ತದೆ. ಪ್ರೆಶರ್ ವಾಷರಿನ ಧಾರೆಯನ್ನು ಲೆನ್ಸಿನ ಅಂಚಿಗೆ ನೇರ ಹಿಡಿಯಬೇಡಿ.

ಬೆಳಕಿನ ಎತ್ತರ ಸರಿ ಮಾಡುವುದು

ಉಳಿದೆಲ್ಲ ಸರಿಯಿದ್ದು ಇದೊಂದು ತಪ್ಪಿದ್ದರೆ ಮಾಡಿದ್ದೆಲ್ಲ ನೀರುಪಾಲು. ಲೆಕ್ಕ ನೋಡಿ: ದೀಪ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದ್ದು ಬೆಳಕಿನ ಗೆರೆ 1 ಶೇಕಡಾ ಇಳಿಜಾರಿನಲ್ಲಿದ್ದರೆ ಅದು ರಸ್ತೆ ಮುಟ್ಟುವುದು 65 ಮೀಟರ್ ದೂರದಲ್ಲಿ. ಇಳಿಜಾರು 2 ಶೇಕಡಾ ಆದರೆ ಸುಮಾರು 32 ಮೀಟರಿನಲ್ಲೇ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮೂರು ಸೆಕೆಂಡ್ ಮುಂಚೆ ಕಾಣಬೇಕಾದ್ದು ಒಂದೂವರೆ ಸೆಕೆಂಡ್ ಮುಂಚೆ ಕಾಣುತ್ತದೆ.

ಟೈರುಗಳ ಗಾಳಿ ಸರಿಯಿರಲಿ, ಡಿಕ್ಕಿ ಖಾಲಿಯಿರಲಿ, ಚಾಲಕನ ಸೀಟಿನಲ್ಲಿ ಒಬ್ಬರು ಕೂತಿರಲಿ, ಡ್ಯಾಶ್‌ಬೋರ್ಡಿನ ಎತ್ತರ ಹೊಂದಿಸುವ ಚಕ್ರ ಸೊನ್ನೆಯಲ್ಲಿರಲಿ. ಸಮತಟ್ಟಾದ ನೆಲದಲ್ಲಿ ಕಾರನ್ನು ಗೋಡೆಗೆ ತೀರಾ ಹತ್ತಿರ, ನೇರವಾಗಿ ನಿಲ್ಲಿಸಿ. ಎರಡೂ ಲೋ ಬೀಮ್ ದೀಪಗಳ ನಡುಮಧ್ಯಕ್ಕೆ ಎದುರಾಗಿ ಗೋಡೆಯ ಮೇಲೆ ಟೇಪಿನಿಂದ ಒಂದೊಂದು ಲಂಬಗೆರೆ, ಅದೇ ಎತ್ತರಕ್ಕೆ ಒಂದು ಅಡ್ಡಗೆರೆ ಹಾಕಿ. ಬಳಿಕ ಕಾರನ್ನು ನೇರ ಹಿಂದಕ್ಕೆ ತಂದು, ದೀಪದಿಂದ ಗೋಡೆಗೆ ಸರಿಯಾಗಿ 5 ಮೀಟರ್ ಇರುವಂತೆ ನಿಲ್ಲಿಸಿ ಬಾನೆಟನ್ನು ಎರಡು ಸಲ ಒತ್ತಿ ಬಿಡಿ, ಸಸ್ಪೆನ್ಷನ್ ತನ್ನ ಎತ್ತರಕ್ಕೆ ಬರಲಿ.

ಹೆಡ್‌ಲೈಟಿನ ಮೇಲೋ ಬಾನೆಟ್ ಒಳಗಿನ ಚೀಟಿಯಲ್ಲೋ 1.0 ಅಥವಾ 1.2 ಶೇಕಡಾ ಎಂಬಂತೆ ಅಂಕಿ ಇರುತ್ತದೆ. 5 ಮೀಟರಿಗೆ 1.0 ಎಂದರೆ ಅಡ್ಡಗೆರೆಗಿಂತ 5 ಸೆಂಟಿಮೀಟರ್ ಕೆಳಗೆ, 1.2 ಎಂದರೆ 6. ಅಲ್ಲಿ ಇನ್ನೊಂದು ಅಡ್ಡಗೆರೆ ಹಾಕಿ. ಒಂದು ದೀಪದ ಮುಂದೆ ರಟ್ಟು ಹಿಡಿಸಿ ಇನ್ನೊಂದನ್ನು ನೋಡಿ. ಬಟ್ಟೆ ಹೊದಿಸಬೇಡಿ, ಬಿಸಿಗೆ ಲೆನ್ಸ್ ಕೆಡುತ್ತದೆ. ಬೆಳಕಿನ ಮೇಲಂಚಿನ ಸಮತಟ್ಟು ಭಾಗ ಕೆಳಗಿನ ಗೆರೆಯ ಮೇಲೆ ಕೂರಬೇಕು, ಅಂಚು ಮೇಲಕ್ಕೆ ಮುರಿದುಕೊಳ್ಳುವ ಜಾಗ ಲಂಬಗೆರೆಗೆ ಬರಬೇಕು. ವಾಹನಗಳು ರಸ್ತೆಯ ಎಡಕ್ಕೆ ಓಡುವ ಕಡೆ ಆ ಏರು ಎಡಕ್ಕಿರುತ್ತದೆ, ಬಲಕ್ಕೆ ಓಡುವ ಕಡೆ ಬಲಕ್ಕೆ. ಹಿಂಬದಿಯ ಸ್ಕ್ರೂಗಳಲ್ಲಿ ಒಂದು ಎತ್ತರಕ್ಕೆ, ಇನ್ನೊಂದು ಪಕ್ಕಕ್ಕೆ. ಅರ್ಧರ್ಧ ಸುತ್ತು ತಿರುಗಿಸುತ್ತ ಗೋಡೆ ನೋಡಿ. ಸ್ಕ್ರೂ ಬಿಗಿಯಿದ್ದರೆ ಜೋರು ಮಾಡಬೇಡಿ, ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿದರೆ ದೀಪವೇ ಜೋತುಬೀಳುತ್ತದೆ. ವರ್ಷಕ್ಕೊಮ್ಮೆ, ಜೊತೆಗೆ ಬಲ್ಬ್ ಬದಲಿಸಿದಾಗ, ಸಸ್ಪೆನ್ಷನ್ ಅಥವಾ ಬಂಪರ್ ಕೆಲಸವಾದಾಗ ಇದನ್ನು ನೋಡಬೇಕು.

ಹಿಂದಿನ ಸೀಟು, ಡಿಕ್ಕಿ ತುಂಬಿದಾಗ ಕಾರಿನ ಮೂತಿ ಮೇಲೇಳುತ್ತದೆ. ಆಗ ಸ್ಕ್ರೂ ಮುಟ್ಟಬೇಕಿಲ್ಲ, ಡ್ಯಾಶ್‌ಬೋರ್ಡಿನ ಚಕ್ರವನ್ನು 1, 2, 3ರ ಕಡೆ ತಿರುಗಿಸಿ ಬೆಳಕನ್ನು ಇಳಿಸಿದರಾಯಿತು. ಯಾವ ಭಾರಕ್ಕೆ ಯಾವ ಅಂಕಿ ಎಂದು ಕಾರಿನ ಕೈಪಿಡಿಯಲ್ಲಿದೆ. ಸಾಮಾನು ಇಳಿಸಿದ ಮೇಲೆ ಅದನ್ನು ಸೊನ್ನೆಗೆ ತನ್ನಿ. ಮಂಕು ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು 3ರಲ್ಲೇ ಮರೆತುಹೋದ ಈ ಚಕ್ರ.